ಅಂಗೈಯಗಲದ ಲಿನಕ್ಸ್, ಅದಕ್ಕೆ ನಾಲ್ಕು ಬೀಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಟೀಮ್ ಡೆಕ್, ಪೈನ್‌ಫೋನ್, ರೆಟ್ರೊ ಆಟಗಳ ಪುಟ್ಟ ಕನ್ಸೋಲ್, ಬೆರಳಗಲದ ಕೀಲಿಮಣೆಯ ಮಿನಿ ಲ್ಯಾಪ್‌ಟಾಪ್. ಇವೆಲ್ಲದರೊಳಗೂ ಓಡುವುದು ಲಿನಕ್ಸ್. ಈ ಸಲ ಬಂದ ಪ್ರಶ್ನೆಗಳು ಇವುಗಳ ಪಾಸ್‌ವರ್ಡ್ ಸುತ್ತಲೇ ಇವೆ. ಉತ್ತರಕ್ಕೆ ಇಳಿಯುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ಇಂಥ ಸಾಧನದಲ್ಲಿ ಪಾಸ್‌ವರ್ಡ್ ಕೇಳುವ ಬಾಗಿಲು ಒಂದಲ್ಲ, ನಾಲ್ಕು. ಬಳಕೆದಾರನ ಲಾಗಿನ್ ಪಾಸ್‌ವರ್ಡ್ ಮೊದಲನೆಯದು. ಸಿಸ್ಟಮ್ ಬದಲಿಸುವ ಅಧಿಕಾರ ಕೊಡುವ ಕಮಾಂಡ್ ಸುಡೊ ಕೇಳುವುದೂ ಅದನ್ನೇ. ಸ್ಟೀಮ್‌ನಂಥ ತಂತ್ರಾಂಶ ತನ್ನದೇ ಆದ ಪಿನ್ ಇಟ್ಟುಕೊಂಡಿರುತ್ತದೆ, ಅದು ಎರಡನೆಯದು. ಉಳಿಸಿಟ್ಟ ವೈಫೈ, ಮೇಲ್ ಪಾಸ್‌ವರ್ಡ್‌ಗಳನ್ನು ಕಾಯುವ ಕೀರಿಂಗ್ ಮೂರನೆಯದು. ಡಿಸ್ಕನ್ನೇ ಗೂಢಲಿಪಿಯಲ್ಲಿ ಇಟ್ಟಿದ್ದರೆ ಅದನ್ನು ತೆರೆಯುವ ಪಾಸ್‌ಫ್ರೇಸ್ ನಾಲ್ಕನೆಯದು. ಒಂದನ್ನು ಬದಲಿಸಿದರೆ ಉಳಿದವು ಸಾಮಾನ್ಯವಾಗಿ ತಾವಾಗಿ ಬದಲಾಗುವುದಿಲ್ಲ. ನಿಮ್ಮನ್ನು ತಡೆದು ನಿಲ್ಲಿಸಿರುವುದು ಯಾವ ಬೀಗ ಎಂದು ಮೊದಲು ಗುರುತಿಸಿ, ಆಮೇಲೆ ಕೀಲಿ ಹುಡುಕಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು; ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. ಮತ್ತೆ ಮತ್ತೆ ಬರುವ ‘ಪಾಸ್‌ಡಬ್ಲ್ಯುಡಿ’ ಎಂದರೆ ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದದಿಂದ ಒ ಮತ್ತು ಆರ್ ತೆಗೆದರೆ ಉಳಿಯುವ ಆರು ಅಕ್ಷರ.

ಪ್ರಶ್ನೆ: ಸ್ಟೀಮ್ ಡೆಕ್‌ನಲ್ಲಿ ನಾನು ಯಾವತ್ತೂ ಪಾಸ್‌ವರ್ಡ್ ಇಟ್ಟಿಲ್ಲ. ಆದರೂ ಡೆಸ್ಕ್‌ಟಾಪ್ ಮೋಡ್‌ನಲ್ಲಿ ಸುಡೊ ಪಾಸ್‌ವರ್ಡ್ ಕೇಳುತ್ತದೆ. ಖಾಲಿ ಬಿಟ್ಟು ಎಂಟರ್ ಒತ್ತಿದರೆ ಒಪ್ಪುವುದಿಲ್ಲ. ಕಂಪನಿಯೇ ಇಟ್ಟ ಪಾಸ್‌ವರ್ಡ್ ಏನಾದರೂ ಇದೆಯೆ?

ಉತ್ತರ: ಇಲ್ಲ. ಆ ಸಾಧನದ ಬಳಕೆದಾರನ ಹೆಸರು ‘ಡೆಕ್’. ಅವನಿಗೆ ಪಾಸ್‌ವರ್ಡ್ ಇಡದೆಯೇ ಸಾಧನ ಬರುತ್ತದೆ, ಅದರಲ್ಲಿ ಪಾಸ್‌ವರ್ಡ್ ಇಲ್ಲದವನಿಗೆ ಸುಡೊ ಅಧಿಕಾರ ಕೊಡುವುದಿಲ್ಲ. ಆದ್ದರಿಂದ ಮೊದಲು ಒಂದನ್ನು ಇಡಬೇಕು. ಸ್ಟೀಮ್ ಬಟನ್, ಪವರ್, ಸ್ವಿಚ್ ಟು ಡೆಸ್ಕ್‌ಟಾಪ್ ಎಂದು ಹೋಗಿ ಕನ್ಸೋಲ್ ಎಂಬ ಟರ್ಮಿನಲ್ ತೆರೆಯಿರಿ. ಸ್ಟೀಮ್ ಬಟನ್ ಹಿಡಿದು ಎಕ್ಸ್ ಒತ್ತಿದರೆ ಪರದೆಯ ಮೇಲೆ ಕೀಲಿಮಣೆ ಬರುತ್ತದೆ. ‘ಪಾಸ್‌ಡಬ್ಲ್ಯುಡಿ’ ಎಂದಷ್ಟೇ ಬರೆದು ಎಂಟರ್ ಒತ್ತಿ, ಹೊಸ ಪಾಸ್‌ವರ್ಡನ್ನು ಎರಡು ಸಲ ಕೊಡಿ. ಟೈಪ್ ಮಾಡುವಾಗ ಪರದೆಯಲ್ಲಿ ನಕ್ಷತ್ರವಾಗಲಿ ಚುಕ್ಕಿಯಾಗಲಿ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಒತ್ತಬೇಡಿ. ಹಾಗೆ ಒತ್ತಿದ ಅಕ್ಷರಗಳೆಲ್ಲ ಪಾಸ್‌ವರ್ಡ್‌ಗೆ ಸೇರಿಕೊಳ್ಳುತ್ತವೆ.

ಪಾಸ್‌ವರ್ಡ್ ಇಟ್ಟ ಮೇಲೂ ಸಾಧನ ಆನ್ ಆದಾಗ ಎಂದಿನಂತೆ ನೇರವಾಗಿ ಗೇಮ್ ಮೋಡ್‌ಗೇ ಹೋಗುತ್ತದೆ. ಅಲ್ಲಿ ಪಿನ್ ಕೇಳುವಂತೆ ಮಾಡಬೇಕಿದ್ದರೆ ಅದು ಸ್ಟೀಮ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಪುಟದಲ್ಲಿರುವ ಬೇರೆಯೇ ಬೀಗ. ಅದಕ್ಕೂ ಈ ಪಾಸ್‌ವರ್ಡ್‌ಗೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ ಹಲವರನ್ನು ಕಾಡುತ್ತದೆ. ಸ್ಟೀಮ್‌ಓಎಸ್ 3 ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ್ದು. ಆರ್ಚ್‌ನಲ್ಲಿ 15 ನಿಮಿಷದೊಳಗೆ ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಖಾತೆ 10 ನಿಮಿಷ ಮುಚ್ಚಿಕೊಳ್ಳುತ್ತದೆ. ಆ ಹತ್ತು ನಿಮಿಷ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಎಂದೇ ಉತ್ತರ. ‘ಮರೆತೇ ಹೋಯಿತು’ ಎಂದು ಸಿಸ್ಟಮ್ ಅಳಿಸಲು ಹೊರಡುವ ಮೊದಲು ಕಾಲು ಗಂಟೆ ಸುಮ್ಮನೆ ಬಿಟ್ಟು, ಒಮ್ಮೆ ನಿಧಾನವಾಗಿ ಪ್ರಯತ್ನಿಸಿ.

ಪ್ರಶ್ನೆ: ಕಾಲು ಗಂಟೆ ಕಾದರೂ ಆಗಲಿಲ್ಲ. ಡೆಕ್‌ನ ಪಾಸ್‌ವರ್ಡ್ ನಿಜವಾಗಿಯೂ ಮರೆತಿದ್ದೇನೆ. ಆಟಗಳನ್ನೂ ಅವುಗಳ ಸೇವ್‌ಗಳನ್ನೂ ಕಳೆದುಕೊಳ್ಳದೆ ದಾರಿ ಇದೆಯೆ?

ಉತ್ತರ: ಇದೆ. ಡೆಕ್‌ನ ಡಿಸ್ಕ್ ಮೂಲತಃ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಹಾಗಾಗಿ ಹೊರಗಿನಿಂದ ಬೂಟ್ ಮಾಡಿ ಒಂದೇ ಒಂದು ಫೈಲ್ ತಿದ್ದಿದರೆ ಕೆಲಸ ಮುಗಿಯುತ್ತದೆ.

8 ಜಿಬಿ ಅಥವಾ ಹೆಚ್ಚಿನ ಯುಎಸ್‌ಬಿ ಡ್ರೈವ್ ಬೇಕು. ಯುಎಸ್‌ಬಿ-ಸಿ ತುದಿ ಇಲ್ಲದಿದ್ದರೆ ಒಂದು ಹಬ್ ಅಥವಾ ಅಡಾಪ್ಟರ್ ಕೂಡ. ಹೊರಗಿನ ಕೀಲಿಮಣೆ ಇದ್ದರೆ ಕೆಲಸ ಹತ್ತು ಪಾಲು ಹಗುರ. ವಾಲ್ವ್ ಸಂಸ್ಥೆಯೇ ಕೊಡುವ ಸ್ಟೀಮ್‌ಓಎಸ್ ರಿಕವರಿ ಇಮೇಜನ್ನು ಇಳಿಸಿಕೊಂಡು, ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅಥವಾ ಬಲೀನಾ ಎಚರ್ ಬಳಸಿ ಡ್ರೈವ್‌ಗೆ ಬರೆಯಿರಿ. ಡೆಕ್ ಪೂರ್ತಿ ಆಫ್ ಆಗಿರಲಿ. ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಬಟನ್ ಒಮ್ಮೆ ಒತ್ತಿ, ಸದ್ದು ಕೇಳಿದ ಕೂಡಲೇ ವಾಲ್ಯೂಮ್ ಬಟನ್ ಬಿಡಿ. ಬರುವ ಬೂಟ್ ಮ್ಯಾನೇಜರ್ ಪಟ್ಟಿಯಲ್ಲಿ ಯುಎಸ್‌ಬಿ ಡ್ರೈವ್ ಆರಿಸಿ. ಡೆಸ್ಕ್‌ಟಾಪ್ ಮೂಡಲು ಸಾಕಷ್ಟು ಹೊತ್ತು ಹಿಡಿಯುತ್ತದೆ, ಕಾಯಿರಿ.

ಅಲ್ಲಿ ಕಾಣುವ ಐಕಾನ್‌ಗಳ ಬಗ್ಗೆ ಎಚ್ಚರ. ‘ರೀ-ಇಮೇಜ್’ ಎಲ್ಲವನ್ನೂ ಅಳಿಸುತ್ತದೆ. ‘ಕ್ಲಿಯರ್ ಲೋಕಲ್ ಯೂಸರ್ ಡೇಟಾ’ ನಿಮ್ಮ ಆಟ, ಸೇವ್, ಸ್ವಂತ ಫೈಲ್ ಇರುವ ಭಾಗವನ್ನು ಅಳಿಸುತ್ತದೆ. ‘ರೀಇನ್‌ಸ್ಟಾಲ್ ಸ್ಟೀಮ್‌ಓಎಸ್’ ಮಾತ್ರ ಸಿಸ್ಟಮ್ ಭಾಗವನ್ನು ಹೊಸದಾಗಿ ಬರೆದು ಆಟಗಳನ್ನು ಉಳಿಸಲು ಪ್ರಯತ್ನಿಸುತ್ತದೆ. ಪಾಸ್‌ವರ್ಡ್ ಒಂದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಈ ಮೂರನ್ನೂ ಮುಟ್ಟದೆ ಕನ್ಸೋಲ್ ತೆರೆಯಿರಿ.

‘ಎಲ್‌ಎಸ್‌ಬಿಎಲ್‌ಕೆ’ ಎಂಬ ಕಮಾಂಡ್ ಡಿಸ್ಕ್‌ಗಳ ಪಟ್ಟಿ ಕೊಡುತ್ತದೆ. ಒಳಗಿನ ಡಿಸ್ಕ್ ಸಾಮಾನ್ಯವಾಗಿ ‘ಎನ್‌ವಿಎಂಇ0ಎನ್1’. ಹಳೆಯ 64 ಜಿಬಿ ಮಾದರಿಯಲ್ಲಿ ಅದು ಇಎಂಎಂಸಿ ಎಂಬ ಬಗೆಯ ಫ್ಲಾಶ್ ಮೆಮೊರಿ ಆದ್ದರಿಂದ ‘ಎಂಎಂಸಿಬಿಎಲ್‌ಕೆ0’. ಅದರಲ್ಲಿ ಎಂಟು ಪಾರ್ಟಿಶನ್ ಇರುತ್ತವೆ. 4 ಮತ್ತು 5 ಸಿಸ್ಟಮ್‌ನ ಎರಡು ಪ್ರತಿಗಳು, 6 ಮತ್ತು 7 ಆ ಎರಡಕ್ಕೂ ಸೇರಿದ ‘ವಾರ್’ ಭಾಗಗಳು, 8 ನಿಮ್ಮ ಆಟಗಳಿರುವ ‘ಹೋಮ್’. ನಮಗೆ ಬೇಕಾದ್ದು 6 ಮತ್ತು 7. ಕಾರಣ ಇಷ್ಟು: ಸ್ಟೀಮ್‌ಓಎಸ್‌ನ ಮೂಲ ಸಿಸ್ಟಮ್ ಓದಲಷ್ಟೇ ಬರುವಂಥದ್ದು. ಇಟಿಸಿ ಫೋಲ್ಡರಿನಲ್ಲಿ ನೀವು ಮಾಡಿದ ಬದಲಾವಣೆ ಮೂಲಪ್ರತಿಗೆ ಹೋಗದೆ, ಮೇಲೆ ಹಾಸಿದ ತೆಳು ಪದರದಂತೆ ‘ವಾರ್’ ಭಾಗದಲ್ಲಿ ಉಳಿಯುತ್ತದೆ. ಇದನ್ನು ಅರಿಯದೆ 4ನೇ ಪಾರ್ಟಿಶನ್ನಿನಲ್ಲಿ ಪಾಸ್‌ವರ್ಡ್ ತಿದ್ದಿದವರು, ಮೇಲಿನ ಪದರದಲ್ಲಿ ಹಳೆಯದು ಹಾಗೇ ಇರುವುದರಿಂದ ಏನೂ ಬದಲಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

‘ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ6 /ಎಂಎನ್‌ಟಿ’ ಎಂದು 6ನೆಯದನ್ನು ಜೋಡಿಸಿ. ತಿದ್ದಬೇಕಾದ ಫೈಲ್ ‘/ಎಂಎನ್‌ಟಿ/ಲಿಬ್/ಓವರ್‌ಲೇಸ್/ಇಟಿಸಿ/ಅಪ್ಪರ್/ಶ್ಯಾಡೊ’. ಮೊದಲು ಅದರ ನಕಲೊಂದನ್ನು ಯುಎಸ್‌ಬಿಗೆ ತೆಗೆದಿಟ್ಟುಕೊಳ್ಳಿ. ‘ಸುಡೊ ನ್ಯಾನೊ’ ಮೂಲಕ ಫೈಲ್ ತೆರೆದು, ‘ಡೆಕ್’ ಎಂದು ಶುರುವಾಗುವ ಸಾಲು ಹುಡುಕಿ. ಅದರಲ್ಲಿ ಒಂದನೆಯ ಮತ್ತು ಎರಡನೆಯ ಕೋಲನ್ ಚಿಹ್ನೆಗಳ ನಡುವಿನ ಉದ್ದನೆಯ ಅಕ್ಷರಮಾಲೆಯನ್ನಷ್ಟೇ ಅಳಿಸಿ. ಕೋಲನ್‌ಗಳೆರಡೂ ಅಕ್ಕಪಕ್ಕ ಉಳಿಯಬೇಕು. ಒಂದನ್ನು ಅಳಿಸಿದರೂ ಸಾಲಿನ ಲೆಕ್ಕ ತಪ್ಪಿ ಖಾತೆಯೇ ಕೆಲಸ ಮಾಡುವುದಿಲ್ಲ. ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್. ಆಮೇಲೆ ‘ಸುಡೊ ಯುಮೌಂಟ್ /ಎಂಎನ್‌ಟಿ’. ಇಲ್ಲಿ ಯು ಆದ ಮೇಲೆ ಎನ್ ಇಲ್ಲ. 7ನೇ ಪಾರ್ಟಿಶನ್ನಿಗೂ ಇದನ್ನೇ ಮಾಡಿ, ಏಕೆಂದರೆ ಎರಡು ಪ್ರತಿಗಳಲ್ಲಿ ಈಗ ಯಾವುದು ಚಾಲ್ತಿಯಲ್ಲಿದೆ ಎಂದು ಹೊರಗಿನಿಂದ ನೋಡಿದರೆ ತಿಳಿಯದು. ಒಂದರಲ್ಲಿ ಶ್ಯಾಡೊ ಫೈಲೇ ಇಲ್ಲದಿದ್ದರೆ ಗಾಬರಿ ಬೇಡ, ಆ ಪ್ರತಿಯಲ್ಲಿ ಪಾಸ್‌ವರ್ಡ್ ಇಟ್ಟೇ ಇಲ್ಲ ಎಂದರ್ಥ.

ಡೆಕ್ ಆಫ್ ಮಾಡಿ, ಡ್ರೈವ್ ತೆಗೆದು, ಎಂದಿನಂತೆ ಆನ್ ಮಾಡಿ. ಈಗ ಸಾಧನ ಕೊಂಡ ದಿನದ ಸ್ಥಿತಿಯಲ್ಲಿದೆ. ‘ಪಾಸ್‌ಡಬ್ಲ್ಯುಡಿ’ ಕೊಟ್ಟು ಹೊಸದನ್ನು ಇಡಿ.

ಪ್ರಶ್ನೆ: ಪೈನ್‌ಫೋನ್‌ನಲ್ಲಿ ಮೊಬಿಯನ್ ಎಂಬ ಲಿನಕ್ಸ್ ಹಾಕಿದ್ದೇನೆ. ಮೊದಲಿನಿಂದ ಇರುವ 1234 ಬದಲು ಬೇರೆ ನಾಲ್ಕು ಅಂಕಿ ಇಡಲು ಹೋದರೆ ‘ಇನ್ನೂ ಉದ್ದದ್ದು ಬೇಕು’ ಅನ್ನುತ್ತದೆ. 1234 ಕೂಡ ನಾಲ್ಕೇ ಅಂಕಿ ಅಲ್ಲವೆ?

ಉತ್ತರ: ಹೌದು, ಆದರೆ ಅದನ್ನು ಇಟ್ಟದ್ದು ಇಮೇಜ್ ತಯಾರಿಸಿದವರು, ರೂಟ್ ಅಧಿಕಾರದಿಂದ, ಅಂದರೆ ಎಲ್ಲವನ್ನೂ ಬದಲಿಸಬಲ್ಲ ಖಾತೆಯಿಂದ. ಡೆಬಿಯನ್ ಕುಟುಂಬದ ಸಿಸ್ಟಮ್‌ಗಳಲ್ಲಿ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ತಾನೇ ಬದಲಿಸುವಾಗ ಕನಿಷ್ಠ ಆರು ಅಕ್ಷರ ಬೇಕೆಂಬ ತಪಾಸಣೆ ಇದೆ. ರೂಟ್‌ಗೆ ಆ ಕಟ್ಟು ಇಲ್ಲ. ‘ಸುಡೊ ಪಾಸ್‌ಡಬ್ಲ್ಯುಡಿ ಮೊಬಿಯನ್’ ಎಂದರೆ ನಾಲ್ಕಂಕಿಯನ್ನೂ ಒಪ್ಪುತ್ತದೆ. ನಮ್ಮ ಸಲಹೆ ಮಾತ್ರ ಆರಂಕಿಯೇ. ಫೋನಿನ ಲಾಕ್‌ಸ್ಕ್ರೀನ್ ಪಿನ್ ಎಂದು ನೀವು ಕರೆಯುವುದು ಇಲ್ಲಿ ನಿಜಕ್ಕೂ ಲಾಗಿನ್ ಪಾಸ್‌ವರ್ಡೇ. ಸುಡೊ ಕೇಳುವುದೂ, ನೆಟ್‌ವರ್ಕ್ ಮೂಲಕ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಬಳಸಿ ಹೊರಗಿನಿಂದ ಬರುವವರು ಊಹಿಸಬೇಕಾದದ್ದೂ ಅದನ್ನೇ. ಸಿದ್ಧ ಇಮೇಜ್‌ಗಳ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು: ಮೊಬಿಯನ್‌ಗೆ 1234, ಪೋಸ್ಟ್‌ಮಾರ್ಕೆಟ್‌ಓಎಸ್‌ಗೆ 147147, ಲಿಬ್ರೆಮ್ 5 ಫೋನಿಗೆ 123456. ಇವನ್ನು ಮೊದಲ ದಿನವೇ ಬದಲಿಸಿ.

ಅಂಕಿಗಳನ್ನು ಬಿಟ್ಟು ಅಕ್ಷರಗಳ ಪಾಸ್‌ವರ್ಡ್ ಇಡುವವರಿಗೆ ಒಂದು ಮಾತು. ಫೋನಿನ ಪರದೆ ನಡೆಸುವ ಫಾಶ್ ಎಂಬ ತಂತ್ರಾಂಶದ ಲಾಕ್‌ಸ್ಕ್ರೀನ್ ಮೊದಲಿಗೆ ತೋರಿಸುವುದು ಅಂಕಿಗಳ ಫಲಕವನ್ನು. ಹೊಸ ಆವೃತ್ತಿಗಳಲ್ಲಿ ಅಲ್ಲಿಂದ ಪೂರ್ಣ ಕೀಲಿಮಣೆಗೆ ಹೋಗಬಹುದು, ಹಳೆಯವುಗಳಲ್ಲಿ ಆಗದು. ನಿಮ್ಮ ಲಾಕ್‌ಸ್ಕ್ರೀನಿನಲ್ಲಿ ಕೀಲಿಮಣೆ ಬರುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಅಕ್ಷರ ಸೇರಿಸಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಹಬ್ ಮೂಲಕ ಯುಎಸ್‌ಬಿ ಕೀಲಿಮಣೆ ಜೋಡಿಸಿ ಟೈಪ್ ಮಾಡಿ.

ಪ್ರಶ್ನೆ: ಅದೇ ಪೈನ್‌ಫೋನ್‌ನ ಪಾಸ್‌ವರ್ಡ್ ಮರೆತರೆ? ಇಎಂಎಂಸಿ ಬಿಚ್ಚಿ ತೆಗೆಯಲು ಬರುವುದಿಲ್ಲವಲ್ಲ.

ಉತ್ತರ: ಬಿಚ್ಚಬೇಕಿಲ್ಲ. ಪೈನ್‌ಫೋನ್ ಆನ್ ಆದಾಗ ಮೊದಲು ಮೈಕ್ರೊಎಸ್‌ಡಿ ಕಾರ್ಡ್ ನೋಡುತ್ತದೆ, ಅದರಲ್ಲಿ ಬೂಟ್ ಆಗುವಂಥದ್ದು ಇಲ್ಲದಿದ್ದರೆ ಮಾತ್ರ ಇಎಂಎಂಸಿಗೆ ಹೋಗುತ್ತದೆ. ಕಾರ್ಡ್ ಒಂದಕ್ಕೆ ಮೊಬಿಯನ್ ಬರೆದು ಹಾಕಿ, 1234 ಕೊಟ್ಟು ಒಳಗೆ ಹೋಗಿ. ಕಾರ್ಡ್ ‘ಎಂಎಂಸಿಬಿಎಲ್‌ಕೆ0’ ಎಂದೂ ಇಎಂಎಂಸಿ ‘ಎಂಎಂಸಿಬಿಎಲ್‌ಕೆ2’ ಎಂದೂ ಕಾಣುತ್ತವೆ. ಎರಡನೆಯದರ ರೂಟ್ ಪಾರ್ಟಿಶನ್, ಸಾಮಾನ್ಯವಾಗಿ ಪಿ2, ಅದನ್ನು ಎಂಎನ್‌ಟಿಗೆ ಜೋಡಿಸಿ ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ ಪಾಸ್‌ಡಬ್ಲ್ಯುಡಿ ಮೊಬಿಯನ್’ ಎಂದರೆ ಹೊಸ ಪಾಸ್‌ವರ್ಡ್ ಕೇಳುತ್ತದೆ. ಮುಗಿಯಿತು.

ಜಂಪ್‌ಡ್ರೈವ್ ಎಂಬ ಪುಟ್ಟ ಇಮೇಜನ್ನು ಕಾರ್ಡಿಗೆ ಬರೆದರೆ ಫೋನೇ ಪೆನ್‌ಡ್ರೈವ್‌ನಂತೆ ಕಂಪ್ಯೂಟರಿಗೆ ಕಾಣುತ್ತದೆ. ಅದೂ ಒಳ್ಳೆಯ ದಾರಿ, ಆದರೆ ಅಲ್ಲಿ ಸಿಎಚ್‌ರೂಟ್ (ಜೋಡಿಸಿದ ಡಿಸ್ಕಿನ ಪ್ರೋಗ್ರಾಮ್‌ಗಳನ್ನೇ ಓಡಿಸುವುದು) ನಡೆಯುವುದಿಲ್ಲ: ಫೋನಿನ ಪ್ರೋಗ್ರಾಮ್‌ಗಳು ಆರ್ಮ್ ಪ್ರೊಸೆಸರಿನವು, ಕಂಪ್ಯೂಟರ್ ಇಂಟೆಲ್ ಅಥವಾ ಎಎಂಡಿಯದಾದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುತ್ತದೆ. ಆಗ ಶ್ಯಾಡೊ ಫೈಲನ್ನು ಕೈಯಿಂದಲೇ ತಿದ್ದಬೇಕು. ಕಂಪ್ಯೂಟರಿನಲ್ಲಿ ‘ಓಪನ್‌ಎಸ್‌ಎಸ್‌ಎಲ್ ಪಾಸ್‌ಡಬ್ಲ್ಯುಡಿ -6’ ಎಂದು ಕೊಟ್ಟು ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಡಾಲರ್-6-ಡಾಲರ್ ಎಂದು ಶುರುವಾಗುವ ಉದ್ದ ಸಾಲು ಬರುತ್ತದೆ. ಅದನ್ನು ಮೊದಲೆರಡು ಕೋಲನ್‌ಗಳ ನಡುವೆ ಹಾಗೇ ಅಂಟಿಸಿ. ನಡುವೆ ಸಾಲು ಮುರಿಯಬಾರದು, ಕೊನೆಗೆ ಖಾಲಿ ಜಾಗ ಸೇರಬಾರದು.

ಪ್ರಶ್ನೆ: ನನ್ನ ಸಾಧನವನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಪ್ರತಿ ಸಲ ಆ ಪುಟ್ಟ ಕೀಲಿಗಳಲ್ಲಿ ಪಾಸ್‌ವರ್ಡ್ ಒತ್ತಿ ಸಾಕಾಗಿದೆ. ಪಾಸ್‌ವರ್ಡನ್ನೇ ತೆಗೆದುಬಿಡುವುದು ಹೇಗೆ?

ಉತ್ತರ: ‘ಸುಡೊ ಪಾಸ್‌ಡಬ್ಲ್ಯುಡಿ -ಡಿ’, ಮುಂದೆ ಬಳಕೆದಾರನ ಹೆಸರು. ಇಷ್ಟಕ್ಕೆ ಪಾಸ್‌ವರ್ಡ್ ಹೋಗುತ್ತದೆ. ಆದರೆ ನಿಮಗೆ ಬೇಕಾಗಿರುವುದು ಇದಲ್ಲ ಎಂದೇ ನಮ್ಮ ಅನಿಸಿಕೆ. ಬೇಸರ ತರಿಸಿರುವುದು ಪಾಸ್‌ವರ್ಡ್ ಅಲ್ಲ, ಅದನ್ನು ಪದೇ ಪದೇ ಕೇಳುವುದು. ಕೇಳುವುದನ್ನು ನಿಲ್ಲಿಸಿ, ಪಾಸ್‌ವರ್ಡ್ ಇರಲಿ.

ವ್ಯತ್ಯಾಸ ತಿಳಿಯಲು ಶ್ಯಾಡೊ ಫೈಲನ್ನೇ ನೋಡಬೇಕು. ಅಲ್ಲಿ ಬಳಕೆದಾರನಿಗೊಂದು ಸಾಲು, ಸಾಲಿನಲ್ಲಿ ಕೋಲನ್‌ಗಳಿಂದ ಬೇರ್ಪಟ್ಟ ಒಂಬತ್ತು ಅಂಕಣ. ಎರಡನೆಯದರಲ್ಲಿ ಪಾಸ್‌ವರ್ಡಿನ ಹ್ಯಾಶ್, ಅಂದರೆ ಹಿಂದಕ್ಕೆ ತಿರುಗಿಸಲಾಗದ ಗುರುತು, ಇರುತ್ತದೆ. ಆ ಅಂಕಣ ಪೂರ್ತಿ ಖಾಲಿ ಇದ್ದರೆ ಪಾಸ್‌ವರ್ಡ್ ಬೇಡ ಎಂದರ್ಥ. -ಡಿ ಮಾಡುವುದು ಇದನ್ನೇ. ಅಲ್ಲಿ ಆಶ್ಚರ್ಯಸೂಚಕವೋ ನಕ್ಷತ್ರವೋ ಇದ್ದರೆ ಅರ್ಥ ತದ್ವಿರುದ್ಧ, ಯಾವ ಪಾಸ್‌ವರ್ಡೂ ಹೊಂದದು. -ಎಲ್ ಎಂಬ ಆಯ್ಕೆ ಹ್ಯಾಶ್‌ನ ಮುಂದೆ ಆಶ್ಚರ್ಯಸೂಚಕ ಸೇರಿಸಿ ಬೀಗ ಹಾಕುತ್ತದೆ. -ಡಿ ಎನ್ನುವ ಬದಲು -ಎಲ್ ಎಂದು ಕೊಟ್ಟು ಹೊರಗೇ ಉಳಿದವರು ಕಡಿಮೆಯಿಲ್ಲ. -ಯು ಕೊಟ್ಟರೆ ಆ ಬೀಗ ತೆರೆಯುತ್ತದೆ, ಆದರೆ ಕೊಡಲು ರೂಟ್ ಅಧಿಕಾರ ಬೇಕು.

ಅಂಕಣ ಖಾಲಿ ಮಾಡಿದ ಮೇಲೂ ಎಲ್ಲ ಬಾಗಿಲು ತೆರೆಯುವುದಿಲ್ಲ. ಖಾಲಿ ಪಾಸ್‌ವರ್ಡ್ ಒಪ್ಪಬೇಕೆ ಬೇಡವೆ ಎಂದು ಪ್ಯಾಮ್ ಎಂಬ ಪದರ ತೀರ್ಮಾನಿಸುತ್ತದೆ, ಅದರ ಸಾಲಿನಲ್ಲಿ ‘ನಲ್‌ಓಕೆ’ ಎಂಬ ಪದ ಇದ್ದರೆ ಮಾತ್ರ ಒಪ್ಪಿಗೆ. ಒಂದು ಸಿಸ್ಟಮ್‌ನಲ್ಲಿ ಸುಡೊ ಏನೂ ಕೇಳದೆ ಬಿಡುವುದು, ಇನ್ನೊಂದರಲ್ಲಿ ಜಗ್ಗದಿರುವುದು ಇದರಿಂದಲೇ. ಎಸ್‌ಎಸ್‌ಎಚ್ ಸರ್ವರ್ ಅಂತೂ ಖಾಲಿ ಪಾಸ್‌ವರ್ಡನ್ನು ಮೂಲ ಸೆಟ್ಟಿಂಗ್‌ನಲ್ಲೇ ನಿರಾಕರಿಸುತ್ತದೆ. ಕೆಲವು ಲಾಕ್‌ಸ್ಕ್ರೀನ್‌ಗಳು ಒಂದು ಅಕ್ಷರವಾದರೂ ಬೇಕೆಂದು ಬಟನ್ನನ್ನೇ ಮಂಕಾಗಿಸುತ್ತವೆ. ಅಲ್ಲಿಗೆ, ಪಾಸ್‌ವರ್ಡ್ ಇಲ್ಲದ್ದರಿಂದಲೇ ಒಳಗೆ ಹೋಗಲಾಗದ ಸ್ಥಿತಿ.

ಕೇಳುವುದನ್ನು ನಿಲ್ಲಿಸುವ ಬಗೆ ಹೀಗೆ. ಲಾಗಿನ್ ಪರದೆ ತೋರಿಸುವ ತಂತ್ರಾಂಶ ಯಾವುದೆಂದು ತಿಳಿದುಕೊಳ್ಳಿ. ಲೈಟ್‌ಡಿಎಂ ಆಗಿದ್ದರೆ ಇಟಿಸಿಯ ಲೈಟ್‌ಡಿಎಂ ಫೋಲ್ಡರಿನ ಕಾನ್ಫ್ ಫೈಲಿನಲ್ಲಿ ‘ಸೀಟ್’ (ಎಸ್ ದೊಡ್ಡಕ್ಷರ) ವಿಭಾಗದ ಕೆಳಗೆ ‘ಆಟೊಲಾಗಿನ್-ಯೂಸರ್=’ ಎಂದು ಹೆಸರು ಬರೆಯಿರಿ; ಆರ್ಚ್ ಮೂಲದ ಸಿಸ್ಟಮ್‌ನಲ್ಲಿ ಬಳಕೆದಾರನನ್ನು ‘ಆಟೊಲಾಗಿನ್’ ಗುಂಪಿಗೂ ಸೇರಿಸಬೇಕು. ಎಸ್‌ಡಿಡಿಎಂ ಆಗಿದ್ದರೆ ‘ಎಸ್‌ಡಿಡಿಎಂ.ಕಾನ್ಫ್.ಡಿ’ ಫೋಲ್ಡರಿನಲ್ಲಿ ‘.ಕಾನ್ಫ್’ ಎಂದು ಕೊನೆಯಾಗುವ ಹೊಸ ಫೈಲ್, ಅದರಲ್ಲಿ ‘ಆಟೊಲಾಗಿನ್’ ವಿಭಾಗ, ಕೆಳಗೆ ಯೂಸರ್ ಮತ್ತು ಸೆಶನ್ ಎಂಬ ಎರಡು ಸಾಲು (ಮೂರಕ್ಕೂ ಮೊದಲಕ್ಷರ ದೊಡ್ಡದು). ಸೆಶನ್ ಹೆಸರು ಒಂದಕ್ಷರ ತಪ್ಪಿದರೂ ಹಳೆಯ ಲಾಗಿನ್ ಪರದೆಯೇ ಬರುತ್ತದೆ. ರಾಸ್ಪ್‌ಬೆರಿ ಪೈ ಮೇಲೆ ಕಟ್ಟಿದ ಕೈಸಾಧನವಾದರೆ ಇನ್ನೂ ಸುಲಭ, ‘ರಾಸ್ಪಿ-ಕಾನ್ಫಿಗ್’ ತೆರೆದು ಸಿಸ್ಟಮ್ ಆಯ್ಕೆಗಳಲ್ಲಿ ಆಟೊ ಲಾಗಿನ್ ಆರಿಸಿದರೆ ಸಾಕು. ಪರದೆ ನಿದ್ರೆಯಿಂದ ಎದ್ದಾಗ ಕೇಳುವುದು ಬೇರೆ ಸಂಗತಿ, ಅದು ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ನ ಸ್ಕ್ರೀನ್ ಲಾಕ್ ಪುಟದಲ್ಲಿದೆ.

ಚಿತ್ರಪರದೆ ಇಲ್ಲದೆ ಬರೀ ಕಪ್ಪು ಟರ್ಮಿನಲ್‌ಗೆ ಬೂಟ್ ಆಗುವ ಸಾಧನದಲ್ಲಿ ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಗೆಟ್ಟಿ@ಟಿಟಿವೈ1’ ಎಂದು ತೆರೆದು, ‘ಸರ್ವಿಸ್’ ವಿಭಾಗದಲ್ಲಿ ‘ಎಕ್ಸೆಕ್‌ಸ್ಟಾರ್ಟ್=’ (ಸರ್ವಿಸ್, ಎಕ್ಸೆಕ್, ಸ್ಟಾರ್ಟ್ ಮೂರರ ಮೊದಲಕ್ಷರವೂ ದೊಡ್ಡದು) ಎಂಬ ಖಾಲಿ ಸಾಲು ಹಾಕಿ, ಅದರ ಕೆಳಗೆ ಅಗೆಟ್ಟಿಗೆ ‘--ಆಟೊಲಾಗಿನ್’ ಮತ್ತು ಹೆಸರು ಸೇರಿಸಿದ ಸಾಲು ಬರೆಯಬೇಕು. ಆ ಖಾಲಿ ಸಾಲು ಬಿಟ್ಟರೆ ಹಳೆಯದೂ ಹೊಸದೂ ಎರಡೂ ನಿಂತು, ಸರ್ವಿಸ್ ಶುರುವಾಗದೆ ಟರ್ಮಿನಲ್ ಖಾಲಿ ಉಳಿಯುತ್ತದೆ.

ಸುಡೊ ಕೇಳುವುದೂ ಬೇಡವಾದರೆ ‘ವಿಸುಡೊ’ ಮೂಲಕವೇ ತಿದ್ದಿ, ಬೇರೆ ಎಡಿಟರಿನಿಂದ ಬೇಡ. ವಿಸುಡೊ ಉಳಿಸುವ ಮೊದಲು ವ್ಯಾಕರಣ ತಪಾಸಣೆ ಮಾಡುತ್ತದೆ. ತಪ್ಪಿರುವ ಫೈಲ್ ಉಳಿದರೆ ಸುಡೊ ಯಾರಿಗೂ ಅಧಿಕಾರ ಕೊಡದೇ ಹೋಗಬಹುದು. ‘ಸುಡೋಯರ್ಸ್.ಡಿ’ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡುವುದಾದರೆ ಹೆಸರಿನಲ್ಲಿ ಚುಕ್ಕಿ ಇರಬಾರದು, ಇದ್ದರೆ ಅದನ್ನು ಓದುವುದೇ ಇಲ್ಲ. ನಿಯಮಗಳಲ್ಲಿ ಹೊಂದುವ ಕೊನೆಯದೇ ಗೆಲ್ಲುವುದರಿಂದ, ‘ನೊಪಾಸ್‌ವಡ್’ ಸಾಲು ಗುಂಪಿನ ಸಾಲಿಗಿಂತ ಕೆಳಗೆ ಬರಬೇಕು. ಈ ಪದವನ್ನು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯಬೇಕು: ಎನ್, ಒ, ಆಮೇಲೆ ಪಾಸ್‌ಡಬ್ಲ್ಯುಡಿಯ ಆರಕ್ಷರ. ಎಲ್ಲ ಕಮಾಂಡ್‌ಗೂ ಕೊಡುವ ಬದಲು ನಿತ್ಯ ಬಳಸುವ ಒಂದೆರಡಕ್ಕೆ ಮಾತ್ರ ಕೊಡಿ. ಪರದೆ ಬೆಳಕು ಬದಲಿಸಲು, ಸಾಧನ ಆಫ್ ಮಾಡಲು ಅಷ್ಟು ಸಾಕು.

ಪ್ರಶ್ನೆ: ಮಿನಿ ಲ್ಯಾಪ್‌ಟಾಪಿನಲ್ಲಿ ಬೂಟ್ ಆರಂಭಿಸುವ ಗ್ರಬ್‌ನ ಸಾಲಿಗೆ ಇನಿಟ್ ಎಂದು ಸೇರಿಸಿ ರೂಟ್ ಆಗಿ ಒಳಗೆ ಹೋದೆ. ಪಾಸ್‌ಡಬ್ಲ್ಯುಡಿ ಕೊಟ್ಟರೆ ‘ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್’. ಪಾಸ್‌ವರ್ಡ್ ಸರಿಯಾಗಿಯೇ ಎರಡು ಸಲ ಕೊಟ್ಟಿದ್ದೇನೆ.

ಉತ್ತರ: ತಪ್ಪು ಪಾಸ್‌ವರ್ಡಿನದಲ್ಲ. ಹೊಸ ಶ್ಯಾಡೊ ಫೈಲ್ ಬರೆಯಲು ಆಗಲಿಲ್ಲ ಎಂಬುದನ್ನೇ ಅದು ಹಾಗೆ ಹೇಳುತ್ತಿದೆ. ಆ ಹಾದಿಯಲ್ಲಿ ಬೂಟ್ ಮಾಡಿದಾಗ ರೂಟ್ ಪಾರ್ಟಿಶನ್ ಓದಲಷ್ಟೇ ತೆರೆದಿರುತ್ತದೆ. ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಕೊಟ್ಟು ಮತ್ತೆ ಪ್ರಯತ್ನಿಸಿ. ಅಥವಾ ಮೊದಲೇ ಗ್ರಬ್‌ನಲ್ಲಿ ಇ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ಆರ್‌ಡಬ್ಲ್ಯು ಇನಿಟ್=/ಬಿನ್/ಬ್ಯಾಶ್’ ಎಂದು ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿದರೆ ಈ ತೊಡಕೇ ಇಲ್ಲ. ಆ ಸಾಲಿನಲ್ಲಿ ಮುಂಚಿನಿಂದ ‘ಆರ್‌ಒ’ ಇದ್ದರೆ ಅಳಿಸಿ.

ರಿಮೌಂಟ್ ಆದ ಮೇಲೂ ಅದೇ ಸಂದೇಶ ಬಂದರೆ ‘ಡಿಎಫ್ -ಎಚ್’ ಕೊಟ್ಟು ನೋಡಿ, ಜಾಗ ಶೇಕಡ 100 ತುಂಬಿದ್ದರೂ ಹೀಗೆಯೇ ಆಗುತ್ತದೆ. ರಿಮೌಂಟೇ ಆಗದಿದ್ದರೆ ಫೈಲ್‌ಸಿಸ್ಟಮ್ ಹಾಳಾಗಿರುವ ಸಾಧ್ಯತೆ; ಹಳೆಯ ಎಸ್‌ಡಿ ಕಾರ್ಡ್‌ಗಳಲ್ಲಿ ಇದು ಮಾಮೂಲು. ಹೊರಗಿನಿಂದ ‘ಎಫ್‌ಎಸ್‌ಸಿಕೆ’ ಮಾಡಿ, ಅದಕ್ಕೂ ಮೊದಲು ಬೇಕಾದ ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ.

ಪಾಸ್‌ವರ್ಡ್ ಬದಲಾದ ಮೇಲೆ ‘ರೀಬೂಟ್’ ಎಂದರೆ ಕೆಲಸ ಮಾಡದು, ಏಕೆಂದರೆ ಸಿಸ್ಟಮ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಆಗ ಓಡುತ್ತಿರುವುದಿಲ್ಲ. ‘ಸಿಂಕ್’ ಕೊಟ್ಟು, ಆಮೇಲೆ ‘ರೀಬೂಟ್ -ಎಫ್’. ಸಿಂಕ್ ಬಿಟ್ಟು ನೇರ ಪವರ್ ಬಟನ್ ಒತ್ತಿದರೆ ಬರೆದದ್ದು ಡಿಸ್ಕಿಗೆ ಇಳಿಯದೇ ಹೋಗಬಹುದು. ಫೆಡೋರಾ ಆಗಿದ್ದರೆ ರೀಬೂಟ್‌ಗೆ ಮುನ್ನ ‘ಟಚ್ /.ಆಟೊರೀಲೇಬಲ್’ ಸೇರಿಸಿ, ಇಲ್ಲವಾದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರ ಹೊಸ ಶ್ಯಾಡೊ ಫೈಲನ್ನು ಓದಗೊಡದೆ ಸರಿಯಾದ ಪಾಸ್‌ವರ್ಡನ್ನೂ ತಳ್ಳಿಬಿಡಬಹುದು.

ಪ್ರಶ್ನೆ: ರೆಟ್ರೊ ಗೇಮ್ ಸಾಧನದಲ್ಲಿ ಬಟೋಸೆರಾ ಇದೆ. ರೂಟ್ ಪಾಸ್‌ವರ್ಡ್ ಬದಲಿಸಿದೆ, ಆಫ್ ಮಾಡಿ ಆನ್ ಮಾಡಿದರೆ ಹಳೆಯದೇ ಬಂದಿದೆ.

ಉತ್ತರ: ಬಟೋಸೆರಾದ ಸಿಸ್ಟಮ್ ಒತ್ತಿಟ್ಟ, ಓದಲಷ್ಟೇ ಬರುವ ಒಂದು ಫೈಲ್. ನೀವು ಮಾಡಿದ ಬದಲಾವಣೆ ಮೆಮೊರಿಯಲ್ಲಿದ್ದು ಆಫ್ ಆದಾಗ ಅಳಿದುಹೋಗುತ್ತದೆ. ಪಾಸ್‌ಡಬ್ಲ್ಯುಡಿ ಆದ ಬಳಿಕ ‘ಬಟೋಸೆರಾ-ಸೇವ್-ಓವರ್‌ಲೇ’ ಕೊಟ್ಟರೆ ಉಳಿಯುತ್ತದೆ, ಆದರೆ ಮುಂದಿನ ಅಪ್‌ಗ್ರೇಡ್‌ವರೆಗೆ ಮಾತ್ರ. ಇಂಥದೇ ಇನ್ನೊಂದು ಸಿಸ್ಟಮ್ ಆದ ಆರ್ಕ್‌ಓಎಸ್‌ನಲ್ಲಿ ಈ ತೊಂದರೆಯಿಲ್ಲ, ಅಲ್ಲಿ ಪಾಸ್‌ಡಬ್ಲ್ಯುಡಿ ಮಾಡಿದ್ದು ಉಳಿಯುತ್ತದೆ.

ಮೂಲ ಪಾಸ್‌ವರ್ಡ್‌ಗಳು ಹೀಗಿವೆ: ಬಟೋಸೆರಾದಲ್ಲಿ ರೂಟ್‌ಗೆ ‘ಲಿನಕ್ಸ್’, ಆರ್ಕ್‌ಓಎಸ್‌ನಲ್ಲಿ ಆರ್ಕ್‌ಗೆ ‘ಆರ್ಕ್’, ಮಿಯೂ ಮಿನಿಯ ಆನಿಯನ್‌ನಲ್ಲಿ ಆನಿಯನ್‌ಗೆ ‘ಆನಿಯನ್’. ಎಲ್ಲವೂ ಬಹಿರಂಗ. ಆಟಕ್ಕಷ್ಟೇ ಬಳಸುವ, ವೈಫೈಗೆ ಸೇರದ ಸಾಧನದಲ್ಲಿ ಇದರಿಂದ ಅಪಾಯವೇನಿಲ್ಲ. ವೈಫೈಗೆ ಸೇರಿಸುವುದಾದರೆ ಪಾಸ್‌ವರ್ಡ್ ಬದಲಿಸುವುದಕ್ಕಿಂತ ಮೊದಲು ಎಸ್‌ಎಸ್‌ಎಚ್ ಆಫ್ ಇದೆಯೇ ನೋಡಿ. ಫೈಲ್ ಕಳಿಸುವಾಗ ಮಾತ್ರ ಆನ್ ಮಾಡಿಕೊಳ್ಳಿ.

ಪ್ರಶ್ನೆ: ಮರೆತ ಪಾಸ್‌ವರ್ಡನ್ನು ಹೊರಗಿನಿಂದ ಬದಲಿಸಿಕೊಂಡೆ. ಲಾಗಿನ್ ಆಗುತ್ತದೆ. ಆದರೆ ಈಗ ‘ಲಾಗಿನ್ ಕೀರಿಂಗ್ ತೆರೆಯಲಿಲ್ಲ’ ಎಂದು ಹಳೆಯ ಪಾಸ್‌ವರ್ಡ್ ಕೇಳುತ್ತಲೇ ಇದೆ.

ಉತ್ತರ: ಲಾಗಿನ್ ಆದ ಸ್ಥಿತಿಯಲ್ಲಿ ನೀವೇ ಪಾಸ್‌ಡಬ್ಲ್ಯುಡಿ ಮೂಲಕ ಹಳೆಯದನ್ನು ಕೊಟ್ಟು ಬದಲಿಸಿದರೆ, ಸರಿಯಾಗಿ ಜೋಡಿಸಿದ ಗ್ನೋಮ್ ಸಿಸ್ಟಮ್‌ಗಳಲ್ಲಿ ಕೀರಿಂಗ್ ಕೂಡ ಜೊತೆಗೇ ಬದಲಾಗುತ್ತದೆ. ಹೊರಗಿನಿಂದಲೋ ರೂಟ್ ಆಗಿಯೋ ಬದಲಿಸಿದಾಗ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಅದು ಹಳೆಯ ಪಾಸ್‌ವರ್ಡಿನಿಂದಲೇ ಗೂಢಲಿಪಿಯಾದದ್ದು, ರೂಟ್ ಕೂಡ ಅದನ್ನು ತೆರೆಯಲಾರ. ಹಳೆಯದು ನೆನಪಾದರೆ ಸೀಹಾರ್ಸ್ ಎಂಬ ತಂತ್ರಾಂಶದಲ್ಲಿ ಲಾಗಿನ್ ಕೀರಿಂಗ್‌ನ ಪಾಸ್‌ವರ್ಡ್ ಬದಲಿಸಿ. ನೆನಪಿಲ್ಲವಾದರೆ ಹೋಮ್ ಫೋಲ್ಡರಿನಲ್ಲಿ ‘.ಲೋಕಲ್/ಶೇರ್/ಕೀರಿಂಗ್ಸ್’ ಒಳಗಿನ ‘ಲಾಗಿನ್.ಕೀರಿಂಗ್’ ಫೈಲನ್ನು ಬೇರೆಡೆಗೆ ಸರಿಸಿ ಮತ್ತೆ ಲಾಗಿನ್ ಆಗಿ, ಖಾಲಿಯಾದ ಹೊಸದು ಹುಟ್ಟುತ್ತದೆ. ಅಳಿಸಬೇಡಿ, ಹಳೆಯದು ಮುಂದೊಮ್ಮೆ ನೆನಪಾಗಬಹುದು.

ಆಟೊಲಾಗಿನ್ ಮಾಡಿಕೊಂಡವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಪಾಸ್‌ವರ್ಡ್ ಟೈಪ್ ಮಾಡದಿದ್ದ ಮೇಲೆ ಕೀರಿಂಗ್ ತೆರೆಯಲು ಸಿಸ್ಟಮ್ ಬಳಿ ಏನೂ ಇರುವುದಿಲ್ಲ. ಕೆಡಿಇಯ ಕೆವ್ಯಾಲೆಟ್‌ದೂ ಇದೇ ಕಥೆ. ಕೀರಿಂಗ್‌ಗೆ ಖಾಲಿ ಪಾಸ್‌ವರ್ಡ್ ಇಟ್ಟರೆ ಕೇಳುವುದು ನಿಲ್ಲುತ್ತದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳು ಆಗ ಸಾಧನ ಸಿಕ್ಕವರಿಗೆಲ್ಲ ಸಿಗುತ್ತವೆ ಎಂಬುದನ್ನು ಒಪ್ಪಿಕೊಂಡು ಮಾಡಿ.

ಪ್ರಶ್ನೆ: ಮೇಲಿನ ಉಪಾಯಗಳನ್ನು ನೋಡಿದರೆ ನನ್ನ ಫೋನ್ ಕದ್ದವನೂ ಇದನ್ನೇ ಮಾಡಬಹುದಲ್ಲ?

ಉತ್ತರ: ಖಂಡಿತ ಮಾಡಬಹುದು. ಲಾಗಿನ್ ಪಾಸ್‌ವರ್ಡ್ ತಡೆಯುವುದು ಓಡುತ್ತಿರುವ ಸಿಸ್ಟಮ್‌ಗೆ ಬರುವವರನ್ನು. ಡಿಸ್ಕ್ ಕೈಗೆ ಸಿಕ್ಕವನನ್ನು ತಡೆಯುವುದು ಎನ್‌ಕ್ರಿಪ್ಶನ್ ಮಾತ್ರ. ಪೋಸ್ಟ್‌ಮಾರ್ಕೆಟ್‌ಓಎಸ್ ಮತ್ತು ಮೊಬಿಯನ್‌ನಲ್ಲಿ ಸಿಸ್ಟಮ್ ಹಾಕುವಾಗಲೇ ಲಕ್ಸ್ ಎನ್‌ಕ್ರಿಪ್ಶನ್ ಆರಿಸಿಕೊಳ್ಳಬಹುದು. ಫೋನ್ ಕೊಂಡುಹೋಗುವ ಎಲ್ಲರೂ ಇದನ್ನು ಮಾಡಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಆ ಪಾಸ್‌ಫ್ರೇಸ್ ಬದಲಿಸಲು ಪಾಸ್‌ಡಬ್ಲ್ಯುಡಿ ಬಾರದು, ‘ಕ್ರಿಪ್ಟ್‌ಸೆಟಪ್’ ಬೇಕು. ನೇರವಾಗಿ ಬದಲಿಸುವ ಬದಲು ‘ಲಕ್ಸ್‌ಆ್ಯಡ್‌ಕೀ’ಯಿಂದ (ಎ, ಕೆ ದೊಡ್ಡಕ್ಷರ) ಹೊಸ ಕೀಲಿ ಸೇರಿಸಿ, ಒಮ್ಮೆ ರೀಬೂಟ್ ಮಾಡಿ ಅದರಿಂದಲೇ ತೆರೆದು ನೋಡಿ, ಆಮೇಲೆ ‘ಲಕ್ಸ್‌ರಿಮೂವ್‌ಕೀ’ಯಿಂದ (ಆರ್, ಕೆ ದೊಡ್ಡಕ್ಷರ) ಹಳೆಯದನ್ನು ತೆಗೆಯಿರಿ. ಲಕ್ಸ್ 1ರಲ್ಲಿ ಎಂಟು, ಲಕ್ಸ್ 2ರಲ್ಲಿ 32 ಕೀಲಿಗಳಿಗೆ ಜಾಗವಿದೆ. ಈ ಕೆಲಸವನ್ನು ಫೋನಿನಲ್ಲೇ ಮಾಡಿ. ದೊಡ್ಡ ಕಂಪ್ಯೂಟರಿಗೆ ಜೋಡಿಸಿ ಕೀಲಿ ಸೇರಿಸಿದರೆ, ಲಕ್ಸ್ 2 ಆ ಕಂಪ್ಯೂಟರಿನ ಮೆಮೊರಿಗೆ ತಕ್ಕಂತೆ ಲೆಕ್ಕ ಹಾಕಿ ಒಂದು ಜಿಬಿಯಷ್ಟು ಮೆಮೊರಿ ಬೇಡುವ ಕೀಲಿ ಮಾಡಬಹುದು. 2 ಜಿಬಿ ಮೆಮೊರಿಯ ಫೋನ್ ಅದನ್ನು ತೆರೆಯಲು ತಿಣುಕುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಪಾಸ್‌ಫ್ರೇಸ್ ಟೈಪ್ ಮಾಡುವ ಆರಂಭದ ಪರದೆಯ ಕೀಲಿಮಣೆಯಲ್ಲಿ ಸಿಗುವ ಅಕ್ಷರಗಳನ್ನೇ ಬಳಸಿ. ಈ ಬೀಗದ ಕೀಲಿ ಮರೆತರೆ ದಾರಿ ಇಲ್ಲ. ಸಾಧನ ಇನ್ನೂ ಆನ್ ಇರುವಾಗಲೇ ಮರೆತದ್ದು ಗೊತ್ತಾದರೆ, ಆಫ್ ಮಾಡುವ ಮೊದಲು ಫೈಲ್‌ಗಳನ್ನೆಲ್ಲ ನಕಲು ಮಾಡಿಕೊಳ್ಳಿ.

ಪ್ರಶ್ನೆ: ಫೆಮಿಲಿಯರ್ ಲಿನಕ್ಸ್ ಇರುವ ಹಳೆಯ ಕಾಂಪ್ಯಾಕ್ ಐಪ್ಯಾಕ್ ಕೈಗಣಕ ಸಿಕ್ಕಿದೆ. ರೂಟ್ ಪಾಸ್‌ವರ್ಡ್ ಏನಿರಬಹುದು?

ಉತ್ತರ: ಮೊದಲು ‘ರೂಟ್‌ಮೀ’ ಪ್ರಯತ್ನಿಸಿ, ಫೆಮಿಲಿಯರ್‌ನ ಮೂಲ ಪಾಸ್‌ವರ್ಡ್ ಅದೇ. ಯಾರೋ ಬದಲಿಸಿದ್ದರೆ ಸೀರಿಯಲ್ ಕೇಬಲ್ ಬೇಕು: ವೇಗ 115200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಬೂಟ್‌ಲೋಡರಿನಲ್ಲಿ ನಿಲ್ಲಿಸಿ ಕರ್ನಲ್‌ಗೆ ‘ಇನಿಟ್=/ಬಿನ್/ಎಸ್‌ಎಚ್’ ಕೊಡಬೇಕು, ಬ್ಯಾಶ್ ಅಲ್ಲ; ಅಂಥ ಸಾಧನದಲ್ಲಿ ಬ್ಯಾಶ್ ಇರುವುದು ಅಪರೂಪ. ಆ ಕಾಲದ ಸಿಸ್ಟಮ್‌ನಲ್ಲಿ ಶ್ಯಾಡೊ ಫೈಲ್ ಇಲ್ಲದಿದ್ದರೆ ಹ್ಯಾಶ್ ಇಟಿಸಿಯ ಪಾಸ್‌ಡಬ್ಲ್ಯುಡಿ ಫೈಲಿನಲ್ಲೇ ಇರುತ್ತದೆ. ಅದು 13 ಅಕ್ಷರದ್ದಾಗಿದ್ದರೆ ಹಳೆಯ ಡಿಇಎಸ್ ಬಗೆ. ಆ ಬಗೆಯಲ್ಲಿ ಪಾಸ್‌ವರ್ಡಿನ ಮೊದಲ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತವೆ, ಒಂಬತ್ತನೆಯದರಿಂದ ಮುಂದೆ ಏನು ಒತ್ತಿದರೂ ಬಾಗಿಲು ತೆರೆಯುತ್ತದೆ. ಹೊಸ ಬಿಸಿಬಾಕ್ಸ್ (ಪುಟ್ಟ ಕಮಾಂಡ್‌ಗಳ ಕಟ್ಟು) ಇರುವ ಪುಟ್ಟ ಸಾಧನದಲ್ಲಿ ‘ಪಾಸ್‌ಡಬ್ಲ್ಯುಡಿ -ಎ ಎಸ್‌ಎಚ್‌ಎ512’ ಎಂದು ಬಗೆಯನ್ನು ನೀವೇ ಹೇಳಬಹುದು. ಬದಲಿಸಿದ ಮೇಲೆ ಹ್ಯಾಶ್ ಡಾಲರ್-6-ಡಾಲರ್ ಎಂದು ಶುರುವಾಗಿದೆಯೇ ಎಂದು ಫೈಲ್ ತೆರೆದು ನೋಡಿ.